ಸಹಾಯ ಬೇಕು: ಪ್ರೊ. ಎಂ.ವಿ. ಗೋಪಾಲಸ್ವಾಮಿ ಅವರ ಬೋಧನೆ, ಸಂಶೋಧನೆಯ ಮಾಹಿತಿ

ಗುಂಪಿನ ಹಿರಿಯರಿಗೆಲ್ಲ ಶರಣು. ಕಲಬುರಗಿಯಲ್ಲಿ ಮನಶ್ಶಾಸ್ತ್ರ ಎಂ.ಎ. ಓದುತ್ತಿರುವ ನಾನು, ವಿಭಾಗದ ಸೆಮಿನಾರ್‌ಗಾಗಿ ಪ್ರೊ. ಎಂ.ವಿ. ಗೋಪಾಲಸ್ವಾಮಿ ಅವರ ಕುರಿತು ಪ್ರಬಂಧ ಸಿದ್ಧಪಡಿಸುತ್ತಿದ್ದೇನೆ. ಲಂಡನ್ನಿನಲ್ಲಿ ಮನಶ್ಶಾಸ್ತ್ರಜ್ಞ ಚಾರ್ಲ್ಸ್ ಸ್ಪಿಯರ್‌ಮನ್ ಅವರ ಬಳಿ ಕಲಿತು ಬಂದ ಅವರು, 1924ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ವಿಭಾಗವನ್ನೂ ಪ್ರಯೋಗಾಲಯವನ್ನೂ ಕಟ್ಟಿ ಬೆಳೆಸಿದರು. 1935ರಲ್ಲಿ ಅವರ ಮನೆಯಿಂದಲೇ ಆರಂಭವಾದ ‘ಆಕಾಶವಾಣಿ’ಯ ವಿಷಯ ಎಲ್ಲೆಡೆ ಸಿಗುತ್ತದೆ, ಆದರೆ ಅಧ್ಯಾಪಕರಾಗಿ ಅವರು ತರಗತಿಯಲ್ಲಿ ಏನನ್ನು, ಹೇಗೆ ಕಲಿಸುತ್ತಿದ್ದರು ಎಂಬುದೇ ನನಗೆ ಮುಖ್ಯ. ನಮ್ಮ ಶಾಸ್ತ್ರ ಕನ್ನಡ ನಾಡಿನಲ್ಲಿ ಬೇರೂರಿದ್ದು ಅಲ್ಲಿಂದಲೇ ಅಲ್ಲವೇ? ಅವರ ಕಾಲದ ಪಠ್ಯಕ್ರಮ, ಪ್ರಶ್ನೆಪತ್ರಿಕೆ, ವಿದ್ಯಾರ್ಥಿಗಳ ಪ್ರಯೋಗದ ರೆಕಾರ್ಡ್ ಪುಸ್ತಕ, ಅಥವಾ ಅವರದೇ ಸಂಶೋಧನಾ ಲೇಖನ ಯಾರ ಬಳಿಯಾದರೂ ಇದ್ದರೆ, ಪುಟಗಳ ಫೋಟೊ ಕಳುಹಿಸಿದರೂ ದೊಡ್ಡ ಉಪಕಾರವಾಗುತ್ತದೆ. ಗುಲಬರ್ಗಾ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಾಗಲಿ, ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಾಗಲಿ ಯಾರನ್ನು ಕೇಳಬೇಕೆಂದು ತಿಳಿಸಿದರೆ ನಾನೇ ಹೋಗಿ ನೋಡುತ್ತೇನೆ.