ಮಾತಾಡಿಸುವ ಅವತಾರ್ ಆ್ಯಪ್‌ನಿಂದ ಇಂಗ್ಲಿಷ್ ಬರುತ್ತಾ? ಬಳಸಿದವರು ಹೇಳಿ

ಪೀಣ್ಯ ಕ್ಯೂಸಿ: ಶಿರಾ ಕಡೆಯವನು, ಹತ್ತನೇ ಕ್ಲಾಸ್‌ವರೆಗೆ ಕನ್ನಡ ಮೀಡಿಯಂ, ಆಮೇಲೆ ಡಿಪ್ಲೊಮಾ. ಏಳು ವರ್ಷದಿಂದ ಕ್ವಾಲಿಟಿ ಇನ್‌ಸ್ಪೆಕ್ಟರ್. ಮುಂದಿನ ತಿಂಗಳು 18ಕ್ಕೆ ವೈಟ್‌ಫೀಲ್ಡ್‌ನಲ್ಲಿ ಇಂಟರ್ವ್ಯೂ ಇದೆ. ಮೇಲ್ ಬರೆಯುತ್ತೇನೆ, ಡ್ರಾಯಿಂಗ್ ಓದುತ್ತೇನೆ, ಇಂಗ್ಲಿಷ್ ಮಾತಾಡು ಅಂದರೆ ನಾಲಿಗೆ ಏಳಲ್ಲ. ಫೋನಿನಲ್ಲಿ ಅವತಾರ್ ಬಂದು ಮಾತಾಡಿಸುವ ಆ್ಯಪ್ ನೋಡಿದೆ. ತಿಂಗಳಿಗೆ ₹699, ವರ್ಷಕ್ಕೆ ₹4,999. ಪಿಜಿಯಲ್ಲಿ ಒಂದೇ ರೂಮಲ್ಲಿ ಮೂವರು, ಅವರೆದುರು ಮಾತಾಡೋಕೆ ನಾಚಿಕೆ. ತಗೊಳ್ಳಲಾ?

ಮಹಾಲಕ್ಷ್ಮಿ ಲೇಔಟ್ ಅಕ್ಕ: ವರ್ಷದ ಪ್ಲಾನ್ ಮಾತ್ರ ಬೇಡಪ್ಪಾ. ಒಂಬತ್ತು ವರ್ಷ ಮನೆಯಲ್ಲಿದ್ದು ಮತ್ತೆ ಕೆಲಸಕ್ಕೆ ಹೊರಟವಳು ನಾನು. ಏಳು ದಿನ ಫ್ರೀ ಅಂತ ಇತ್ತು. ಎಂಟನೇ ದಿನ ಬೆಳಿಗ್ಗೆ ₹4,999 ಕಟ್ ಆಯ್ತು. ಹಿಂದಿನ ದಿನವೇ ಆಟೋಪೇ ಮೆಸೇಜ್ ಬಂದಿತ್ತಂತೆ, ಆಫರ್ ಮೆಸೇಜ್‌ಗಳ ರಾಶಿಯಲ್ಲಿ ಯಾರು ನೋಡುತ್ತಾರೆ? ರೀಫಂಡ್ ಕೇಳಿ ಆರು ಮೇಲ್ ಹಾಕಿದೆ. ಉತ್ತರ ಕೊಟ್ಟಿದ್ದೂ ಒಂದು ಬಾಟೇ. ಬಳಸಿದ್ದು 41 ದಿನ, ದಿನಕ್ಕೆ ₹122 ಬಿತ್ತು. ಅದರ ಮೇಲೆ ಹೆಡ್‌ಸೆಟ್‌ಗೆ ₹1,850. ಯಾಕಂದ್ರೆ ಕುಕ್ಕರ್ ವಿಷಲ್ ಹೊಡೆದರೂ ಆ ಅವತಾರ್ ಹುಡುಗಿ 'ವಂಡರ್‌ಫುಲ್ ಆನ್ಸರ್' ಅನ್ನುತ್ತಿದ್ದಳು. ನಾನು ಪದ ಹುಡುಕುತ್ತಾ ಎರಡು ಸೆಕೆಂಡ್ ನಿಂತರೆ ಸಾಕು, ಮಾತು ಮುಗೀತು ಅಂದುಕೊಂಡು ಅವಳೇ ಶುರು ಮಾಡುತ್ತಿದ್ದಳು. ನಮ್ಮತ್ತೆಗೂ ಅದಕ್ಕಿಂತ ತಾಳ್ಮೆ ಜಾಸ್ತಿ.

ಜಯನಗರ ಬ್ಯಾಚ್: ಅದಕ್ಕೇ ನಾನು ಗೊಂಬೆ ಸಹವಾಸಕ್ಕೇ ಹೋಗಲಿಲ್ಲ. ₹14,000 ಕಟ್ಟಿ ಮೂರು ತಿಂಗಳು ಕ್ಲಾಸಿಗೆ ಹೋದೆ. ವಾರಕ್ಕೆ ಮೂರು ದಿನ, ಒಂದೊಂದು ಗಂಟೆ. ಮನುಷ್ಯರ ಮುಂದೆ ನಿಂತು ಬೆವರಿದರೇ ಭಾಷೆ ಬರೋದು. ಈಗ ಟೀಮ್ ಲೀಡ್ ಆಗಿದ್ದೇನೆ.

ಮಹಾಲಕ್ಷ್ಮಿ ಲೇಔಟ್ ಅಕ್ಕ: ಬ್ಯಾಚಲ್ಲಿ ಎಷ್ಟು ಜನ ಸರ್?

ಜಯನಗರ ಬ್ಯಾಚ್: 18.

ಮಹಾಲಕ್ಷ್ಮಿ ಲೇಔಟ್ ಅಕ್ಕ: ಅಂದರೆ ಗಂಟೆಯಲ್ಲಿ ನಿಮ್ಮ ಪಾಲಿಗೆ ಮೂರು ನಿಮಿಷ. 36 ಕ್ಲಾಸಿಗೆ 108 ನಿಮಿಷ. ನಿಮಿಷಕ್ಕೆ ₹130 ಕೊಟ್ಟು ಬೆವರಿದ್ದೀರಿ. ನನ್ನದೇ ವಾಸಿ.

ಜಯನಗರ ಬ್ಯಾಚ್: ಬೇರೆಯವರ ತಪ್ಪು ಕೇಳಿಸಿಕೊಂಡೂ ಕಲಿಯುತ್ತೇವೆ ಮೇಡಂ. ಎಲ್ಲದಕ್ಕೂ ಕ್ಯಾಲ್ಕುಲೇಟರ್ ಹಿಡಿಯಬೇಡಿ.

ವಾಲ್ವ್ ಸರ್ವಿಸ್: ತಮ್ಮಾ, ನಾನು ಕಲಿತ ಪಾಠ ಕೇಳು. ಎರಡು ತಿಂಗಳು ಅವತಾರ್ ಜೊತೆ ದಿನಾ ಅರ್ಧ ಗಂಟೆ ಮಾತಾಡಿದೆ. ಸ್ಕ್ರೀನ್ ಮೇಲೆ ನನ್ನ ಮಾತೆಲ್ಲ ಒಂದು ತಪ್ಪಿಲ್ಲದೆ ಮೂಡುತ್ತಿತ್ತು. ಇಂಗ್ಲಿಷ್ ಬಂತು ಅಂತ ಎದೆ ಉಬ್ಬಿಸಿಕೊಂಡು ಅಮೆರಿಕದ ಕಸ್ಟಮರ್ ಜೊತೆ ಕಾಲ್‌ಗೆ ಕೂತೆ. ಫೀಲ್ಡಲ್ಲಿ ನಾವೆಲ್ಲ ವಾಲ್ವ್‌ಗೆ ವಾಲು ಅಂತಲೇ ಅಲ್ವಾ ಹೇಳೋದು? ನಾನೂ ಅದನ್ನೇ ಅಂದೆ. ಆತ 'ಯಾವ ಗೋಡೆ?' ಅಂತ ಮೂರು ಸಲ ಕೇಳಿದ. ಮೂರನೇ ಸಲಕ್ಕೆ ನಮ್ಮ ಮ್ಯಾನೇಜರ್ ಮೈಕ್ ಕಿತ್ತುಕೊಂಡರು. ಆಮೇಲೆ ಗೊತ್ತಾಯ್ತು. ಆ ಆ್ಯಪ್ ಮೊದಲು ನಮ್ಮ ದನಿಯನ್ನು ಅಕ್ಷರ ಮಾಡುತ್ತೆ. ಆಗ ಹಿಂದುಮುಂದಿನ ಪದ ನೋಡಿ 'ಇದೇ ಇರಬೇಕು' ಅಂತ ಊಹೆ ಮಾಡಿಬಿಡುತ್ತೆ. ಉತ್ತರ ತಯಾರಾಗೋದು ಆ ಅಕ್ಷರ ನೋಡಿ, ನಮ್ಮ ಉಚ್ಚಾರ ಕೇಳಿ ಅಲ್ಲ. ತುಟಿ ಅಲ್ಲಾಡಿಸೋದು ಕೊನೆಗೆ. ನಮಗಿರೋದು ಒಂದೇ 'ವ', ಅವರಿಗೆ ಎರಡು, v ಬೇರೆ, w ಬೇರೆ. ಒಂದೊಂದೇ ಪದ ಹೇಳಿ ನೋಡು, ಆಗ ಊಹೆಗೆ ಆಸರೆ ಇರಲ್ಲ, ಬಂಡವಾಳ ಬಯಲಾಗುತ್ತೆ.

ರಿಟೈರ್ಡ್ ಮೇಷ್ಟ್ರು: ಇದೇನೂ ಹೊಸದಲ್ಲ. 1966ರಲ್ಲೇ ಎಂಐಟಿಯಲ್ಲಿ ಜೋಸೆಫ್ ವೈಜನ್‌ಬಾಮ್ ಎಲೈಜಾ ಅನ್ನುವ ಪ್ರೋಗ್ರಾಂ ಬರೆದಿದ್ದರು. ನಾವು ಟೈಪ್ ಮಾಡಿದ್ದನ್ನೇ ತಿರುಗಿಸಿ ಪ್ರಶ್ನೆ ಕೇಳುತ್ತಿತ್ತು, ಅಷ್ಟೇ. ಅವರ ಸೆಕ್ರೆಟರಿ ಅದರ ಜೊತೆ ಮಾತಾಡುವಾಗ 'ನೀವು ಸ್ವಲ್ಪ ಹೊರಗೆ ಹೋಗಿ' ಅಂದರಂತೆ. ಯಂತ್ರದ ಮುಂದೆ ಜನಕ್ಕೆ ನಾಚಿಕೆ ಇರಲ್ಲ.

ಜಯನಗರ ಬ್ಯಾಚ್: ಇದಕ್ಕೂ ಇಂಟರ್ವ್ಯೂಗೂ ಏನು ಸಂಬಂಧ ಸರ್?

ರಿಟೈರ್ಡ್ ಮೇಷ್ಟ್ರು: ಹುಡುಗ ನಾಚಿಕೆ ಅಂತ ಬರೆದಿದ್ದಾನಲ್ಲ. ನೀವು ಓದಿಲ್ಲ.

ನೇರಳೆ ಲೈನ್: ನನಗೆ ಕೆಲಸ ಸಿಕ್ಕಿದ್ದೇ ಅವತಾರ್‌ನಿಂದ. ದಿನಾ ವಿಜಯನಗರದಲ್ಲಿ ಮೆಟ್ರೊ ಹತ್ತಿ ಗರುಡಾಚಾರ್‌ಪಾಳ್ಯದವರೆಗೆ ಇಯರ್‌ಫೋನ್ ಹಾಕಿಕೊಂಡು ಮೆಲ್ಲಗೆ ಮಾತಾಡುತ್ತಿದ್ದೆ. ಆಫೀಸ್ ಕಾಲ್ ಅಂತ ಜನ ಅಂದುಕೊಳ್ಳುತ್ತಾರೆ, ಯಾರೂ ತಲೆ ಕೆಡಿಸಿಕೊಳ್ಳಲ್ಲ. ಮೆಜೆಸ್ಟಿಕ್ ಹತ್ತಿರ ಸುರಂಗದಲ್ಲಿ ನೆಟ್ ಕೈಕೊಟ್ಟರೆ ಅವಳು ಬಾಯಿ ತೆರೆದುಕೊಂಡು ಹಾಗೇ ನಿಲ್ಲುತ್ತಿದ್ದಳು, ಅಷ್ಟೇ ತೊಂದರೆ. ಒಂದು ಬುದ್ಧಿ ಮಾಡಿದೆ. 'ಹೊಗಳಬೇಡ, ತಪ್ಪು ಮಾಡಿದ ಕೂಡಲೇ ನಿಲ್ಲಿಸು' ಅಂತ ಮೊದಲೇ ಹೇಳಿಬಿಟ್ಟೆ. 'ಐ ಯಾಮ್ ವರ್ಕಿಂಗ್ ಸಿನ್ಸ್ ತ್ರೀ ಇಯರ್ಸ್' ಅಂತ ನಾನು ಹೇಳಿದಾಗೆಲ್ಲ ಹಿಡಿದಳು. ನಮ್ಮ 'ಮೂರು ವರ್ಷದಿಂದ' ಅನ್ನುವ 'ದಿಂದ' ಹಾಗೇ ಇಂಗ್ಲಿಷಿಗೆ ಜಾರಿ ಸಿನ್ಸ್ ಆಗಿಬಿಡುತ್ತೆ. 'ಐ ಹ್ಯಾವ್ ಬೀನ್ ವರ್ಕಿಂಗ್ ಫಾರ್ ತ್ರೀ ಇಯರ್ಸ್' ಅನ್ನಬೇಕು. ಇಷ್ಟಕ್ಕೆ ಎರಡು ವಾರ ಹಿಡೀತು.

ಅಪ್ಪಟ ಬೆಂಗ್ಳೂರಿಗ: ಬೆಂಗಳೂರಲ್ಲಿ ನಟ್ಟು ಬೋಲ್ಟು ಅಳೆಯೋಕೆ ಇಂಗ್ಲಿಷ್ ಯಾಕೆ? ಇಂಟರ್ವ್ಯೂನ ಕನ್ನಡದಲ್ಲೇ ಮಾಡಲಿ. ನೀವೆಲ್ಲ ದುಡ್ಡು ಕೊಟ್ಟು ಗುಲಾಮರಾಗ್ತಾ ಇದ್ದೀರ.

ಮಹಾಲಕ್ಷ್ಮಿ ಲೇಔಟ್ ಅಕ್ಕ: ನಿಮ್ಮ ಮಕ್ಕಳು ಯಾವ ಮೀಡಿಯಂ?

ಅಪ್ಪಟ ಬೆಂಗ್ಳೂರಿಗ: ಪರ್ಸನಲ್ ಆಗಬೇಡಿ ಮೇಡಂ.

ವಾಲ್ವ್ ಸರ್ವಿಸ್: ಉತ್ತರ ಸಿಕ್ತು ಬಿಡಿ 😄

ಅಪ್ಪಟ ಬೆಂಗ್ಳೂರಿಗ: ನೀವು ಮೊದಲು ವಾಲು ಸರಿ ಮಾಡ್ಕೊಳ್ಳಿ.

ನೇರಳೆ ಲೈನ್: ಕ್ಯೂಸಿ ಬ್ರೋ, ದುಡ್ಡು ಕೊಡೋಕೆ ಮುಂಚೆ ಚಾಟ್‌ಜಿಪಿಟಿ ವಾಯ್ಸ್‌ನಲ್ಲಿ 'ನೀನೇ ಇಂಟರ್ವ್ಯೂ ಮಾಡು' ಅಂತ ಒಂದು ಸಲ ಹೇಳಿ ನೋಡು. ಮುಖ ಇರಲ್ಲ, ಕೆಲಸ ಆಗುತ್ತೆ.

ಮಹಾಲಕ್ಷ್ಮಿ ಲೇಔಟ್ ಅಕ್ಕ: ಮುಖ ಬೇಕಪ್ಪಾ. ಮುಖ ನೋಡಿದರೇ ನನಗೆ ಗಾಬರಿ ಆಗ್ತಾ ಇದ್ದಿದ್ದು. ಅದು ಕಣ್ಣು ಪಿಳುಕಿಸೋದು ನೋಡಿ ನೋಡಿನೇ ಅಭ್ಯಾಸ ಆಯ್ತು.

ಜಯನಗರ ಬ್ಯಾಚ್: ಮೇಲೆ ಬೇಡ ಅಂದ್ರಿ, ಈಗ ಬೇಕು ಅಂತೀರ.

ಮಹಾಲಕ್ಷ್ಮಿ ಲೇಔಟ್ ಅಕ್ಕ: ಬೇಡ ಅಂದಿದ್ದು ವರ್ಷದ ಪ್ಲಾನ್. ಓದಿ ಮಾತಾಡಿ.

ಪೀಣ್ಯ ಕ್ಯೂಸಿ: ಎಲ್ಲರಿಗೂ ಥ್ಯಾಂಕ್ಸ್. ಒಂದು ತಿಂಗಳಿಗೆ ಮಾತ್ರ ತಗೊಂಡೆ, ಆಟೋಪೇ ಆಗಲೇ ಆಫ್ ಮಾಡಿದೆ. ರಾತ್ರಿ ಪಿಜಿ ಟೆರೇಸ್ ಮೇಲೆ, ಬಟ್ಟೆ ಒಣಹಾಕುವ ತಂತಿ ಪಕ್ಕ ನಿಂತು ಮಾತಾಡಿದೆ. 'ಐ ಯೂಸ್ ಹೈಟ್ ಗಾಜ್' ಅಂದೆ. ಗೇಜ್ ಅಂತಲೇ ಸರಿಯಾಗಿ ಬರೆದುಕೊಂಡು 'ಎಕ್ಸಲೆಂಟ್' ಅಂತು. ವಾಲ್ವ್ ಅಣ್ಣ ಹೇಳಿದ್ದು ನೆನಪಾಗಿ ಹೊಟ್ಟೆ ಚುರುಕ್ ಅಂತು.

ಜಯನಗರ ಬ್ಯಾಚ್: ಗೇಜ್ ಅನ್ನಬೇಕು. ಗಾಜ್ ಅಲ್ಲ.

ವಾಲ್ವ್ ಸರ್ವಿಸ್: ಇದನ್ನು ₹14,000ದ ಕ್ಲಾಸಲ್ಲಿ ಹೇಳಿಕೊಟ್ರಾ?