ಸಹಾಯ ಬೇಕು: ಹೊಸ ವಾರ್ಡ್‌ನ ಗಡಿ ನಕ್ಷೆ ಯಾರ ಹತ್ತಿರವಾದರೂ ಇದೆಯಾ?

ಎಲ್ಲರಿಗೂ ನಮಸ್ಕಾರ. ನಾವಿರುವುದು ಬೆಂಗಳೂರಿನ ವಿಜಯನಗರದಲ್ಲಿ. ಬಿಬಿಎಂಪಿ ಹೋಗಿ, 2025ರ ಸೆಪ್ಟೆಂಬರ್‌ನಲ್ಲಿ ಐದು ಪಾಲಿಕೆಗಳಾದವಲ್ಲ, ಅದರಲ್ಲಿ ನಾವು ಪಶ್ಚಿಮಕ್ಕೆ ಸೇರಿದ್ದೇವೆ. ಅಲ್ಲಿಯವರೆಗೆ ಗೊತ್ತು. ಆಮೇಲಿನದ್ದೇ ಗೊಂದಲ.

ಮೊದಲು ಇಡೀ ಊರಿಗೆ 198 ವಾರ್ಡ್ ಇದ್ದವು, ಈಗ 369. ಪಶ್ಚಿಮ ಪಾಲಿಕೆಯಲ್ಲೇ 112. ನಮ್ಮ ರಸ್ತೆಯ ಎಡಗಡೆ ಒಂದು ವಾರ್ಡ್, ಬಲಗಡೆ ಇನ್ನೊಂದು ಅಂತ ಅಕ್ಕಪಕ್ಕದವರು ಹೇಳುತ್ತಾರೆ. ಮಧ್ಯದ ಮೋರಿ ಯಾರದ್ದು? ಬೀದಿದೀಪದ ದೂರು ಕೊಡಲು ಹೋದರೆ ಆ ಕಚೇರಿಗೆ ಹೋಗಿ ಅಂದರು. ಅಲ್ಲಿ ಹೋದರೆ ಇಲ್ಲಿಗೇ ವಾಪಸ್ ಕಳಿಸಿದರು. ಕೇಳೋಣವೆಂದರೆ 2020ರ ಸೆಪ್ಟೆಂಬರ್‌ನಲ್ಲಿ ಕೌನ್ಸಿಲ್ ಅವಧಿ ಮುಗಿದಾಗಲೇ ನಮ್ಮ ಕಾರ್ಪೊರೇಟರ್ ಮಾಜಿ ಆದರು. ಸುಮ್ನೆ ಶಾಸಕರ ಮನೆ ಬಾಗಿಲಿಗೆ ಮೋರಿ ವಿಷಯ ಒಯ್ಯುವುದೂ ಸರಿಯಲ್ಲ ಅಲ್ವಾ?

ನೀರು, ಒಳಚರಂಡಿ ಜಲಮಂಡಳಿಗೆ, ಕರೆಂಟ್ ಬೆಸ್ಕಾಂಗೆ. ಅವುಗಳ ತೊಂದರೆ ಇಲ್ಲ. ನನಗೆ ಬೇಕಿರುವುದು ಪಾಲಿಕೆಯ ಕೆಲಸದ ವಿಚಾರ ಮಾತ್ರ.

ಬೀದಿ ಹೆಸರು ಓದಲು ಬರುವಷ್ಟು ದೊಡ್ಡದಾದ ವಾರ್ಡ್ ನಕ್ಷೆಯ ಪಿಡಿಎಫ್ ಇದ್ದರೆ ದಯವಿಟ್ಟು ಇಲ್ಲೇ ಹಾಕಿ. ಕನ್ನಡದಲ್ಲಿದ್ದರೆ ಇನ್ನೂ ಒಳ್ಳೆಯದು, ನಮ್ಮ ರಸ್ತೆಯಲ್ಲಿ ಹಿರಿಯರು ಜಾಸ್ತಿ. ಗಡಿ ರಸ್ತೆಯಲ್ಲಿ ಇರುವವರು ಯಾರಾದರೂ ಇದ್ದರೆ, ನೀವು ದೂರನ್ನು ಯಾವ ಇಂಜಿನಿಯರಿಗೆ, ಹೇಗೆ ಬರೆದು ಕೊಟ್ಟಿರಿ ಅಂತ ತಿಳಿಸಿ. ಎರಡೂ ಕಡೆ ಒಂದೇ ಅರ್ಜಿ ಕೊಟ್ಟು ಸ್ವೀಕೃತಿ ಪಡೆದರೆ ನಡೆಯುತ್ತದಾ?