ಪದಚರ್ಚೆ: ‘ಚೋಕ್ ತೆಗೆಯಿರಿ’ ಅಂದರೆ ಕೊಡುವುದೋ, ಬಿಡುವುದೋ?

ಎಲ್ಲರಿಗೂ ನಮಸ್ಕಾರ. ತುರ್ತಾಗಿ ಉತ್ತರ ಬೇಕು. ನಮ್ಮೂರಿನ ಕೆಲವು ಮನೆಯವರು ಸೇರಿ ಎರಡು ಔಷಧಿ ಪಂಪು, ಒಂದು ಕಳೆ ಕಟರ್ ಇಟ್ಟುಕೊಂಡಿದ್ದೇವೆ. ಸ್ಟಾರ್ಟ್ ಆಗದಿದ್ದರೆ ಏನೇನು ನೋಡಬೇಕು ಅಂತ ಶೆಡ್ಡಿನ ಗೋಡೆಗೆ ಬರೆಸುತ್ತಿದ್ದೇನೆ. ಪೇಂಟರ್ ನಾಳೆ ಬೆಳಿಗ್ಗೆ ಬರುತ್ತಾರೆ.

‘ಚೋಕ್ ತೆಗೆಯಿರಿ’ ಅಂದರೆ ಹಳೇ ಸ್ಕೂಟರ್ ಓಡಿಸಿದವರು ಗುಂಡಿ ಹೊರಗೆಳೆಯುವುದು ಅಂದುಕೊಂಡು ಚೋಕ್ ಕೊಡುತ್ತಾರೆ (ಇಂಜಿನ್ನಿಗೆ ಹೋಗುವ ಗಾಳಿ ತಡೆಯುತ್ತಾರೆ), ಉಳಿದವರು ಬಿಡುತ್ತಾರೆ. ಕಳೆದ ವರ್ಷ ಬಿಸಿ ಇಂಜಿನ್ನಿಗೆ ಚೋಕ್ ಕೊಟ್ಟು ಹಗ್ಗ ಎಳೆದೂ ಎಳೆದೂ ಪ್ಲಗ್ ಪೆಟ್ರೋಲಿನಲ್ಲಿ ತೊಯ್ದುಹೋಯಿತು. ಅಡಿಕೆಯ ಕೊಳೆರೋಗಕ್ಕೆ ಹೊಡೆಯಲು ಮೈಲುತುತ್ತ, ಸುಣ್ಣ, ನೀರು ಸೇರಿಸಿ ಕಲಸಿದ ಬೋರ್ಡೋ ಔಷಧಿ ಮರುದಿನಕ್ಕೆ ಇಡುವಂಥದ್ದಲ್ಲ. ಡ್ರಮ್ಮಿಗೆ ಡ್ರಮ್ಮೇ ದಂಡವಾಯಿತು. ‘ಜೆಟ್ ಬ್ಲಾಕ್’ (ಪೆಟ್ರೋಲ್ ಹೋಗುವ ಸಣ್ಣ ತೂತು ಮುಚ್ಚಿಹೋಗುವುದು), ‘ಪೆಟ್ರೋಲ್ ಓವರ್’ (ಪೆಟ್ರೋಲ್ ಹೆಚ್ಚಾಗುವುದು) ಇವಕ್ಕೂ ಪದ ಹೇಳಿ.
– ತೀರ್ಥಹಳ್ಳಿ

ಚೋಕ್: ಉಸಿರುಕಟ್ಟು. ಜೆಟ್: ಚಿಮ್ಮುಗಂಡಿ. ಫ್ಲೋಟ್: ತೇಲುಗುಂಡು. ಕಾರ್ಬೋರೇಟರ್ (ಗಾಳಿ, ಪೆಟ್ರೋಲು ಬೆರೆಸುವ ಭಾಗ): ಬೆರಸುಗ. ‘ಸೀಮೆಎಣ್ಣೆ’ ಕಟ್ಟಿದ ಮಂದಿಗೆ ಇದೇನು ದೊಡ್ಡದಲ್ಲ. ಹೆಸರುಪದ ಸಾಲ ತಂದರೆ ಅದರ ಬೆನ್ನಿಗೆ ಎಸಕಪದವೂ (ಕ್ರಿಯಾಪದವೂ) ಬರುತ್ತದೆ. ‘ಸ್ಟಾರ್ಟ್ ಆಗು’ ಆಗಲೇ ಬಂದು ಕೂತಿದೆ ನೋಡಿ.
– ಶಿವಮೊಗ್ಗ

> ಫ್ಲೋಟ್: ತೇಲುಗುಂಡು

ಕಳೆ ಕಟರಿನಲ್ಲಿ ಪೆಟ್ರೋಲಿನ ಮಟ್ಟ ಕಾಯುವ ಫ್ಲೋಟೇ ಇಲ್ಲ ಮಾರಾಯ್ರೆ. ಅದನ್ನು ಓರೆ ಮಾಡಿ, ಬೇಕಾದ ಹಾಗೆ ತಿರುಗಿಸಿ ಹಿಡಿಯುತ್ತಾರೆ, ಅದಕ್ಕೇ ಒಳಗೆ ಡಯಾಫ್ರಾಮ್ ಅನ್ನುವ ತೆಳು ಪೊರೆ ಇಟ್ಟಿರುತ್ತಾರೆ. ‘ಉಸಿರುಕಟ್ಟು’ ಕೂಡ ಒಪ್ಪುವುದಿಲ್ಲ. ಏರ್ ಫಿಲ್ಟರಿನಲ್ಲಿ ಧೂಳು ಕೂತರೂ ಇಂಜಿನ್ನಿನ ಉಸಿರು ಕಟ್ಟುತ್ತದೆ. ಅದು ರೋಗ, ಚೋಕ್ ನಾವೇ ಮಾಡುವ ಕೆಲಸ.

ಕೇಳಿದವರ ತೊಡಕು ಹೆಸರುಪದದಲ್ಲಿಲ್ಲ, ‘ತೆಗೆ’ಯಲ್ಲಿದೆ. ಚೋಕ್ ಅಂದರೆ ಗಾಳಿ ಬರುವ ದಾರಿಗೆ ಅಡ್ಡ ಬರುವ ತಗಡು, ಒಂದು ಬಾಗಿಲು. ಹಾಕಿದರೆ ಗಾಳಿ ಕಡಿಮೆ, ಪೆಟ್ರೋಲು ಜಾಸ್ತಿ. ತಣ್ಣಗಿನ ಇಂಜಿನ್ನಿಗೆ ಬೇಕಾದ್ದು ಅದೇ. ಲೈಟ್ ಹಾಕುವ ‘ಹಾಕು’, ಬಾಗಿಲು ಹಾಕುವ ‘ಹಾಕು’ ಎರಡೂ ಇಲ್ಲಿ ಒಂದೇ ಕಡೆಗೆ ಹೋಗುತ್ತವೆ. ನನಗಂತೂ ಇದು ಬಹಳ ಚಂದ ಕಂಡಿತು. ‘ತೆಗೆ’ ಹಾಗಲ್ಲ. ಬಾಗಿಲು ತೆಗೆ, ಅಂಗಿ ತೆಗೆ ಅನ್ನುವಾಗ ಚೋಕ್ ಬೇಡ ಅಂತಾಗುತ್ತದೆ, ಡಬ್ಬಿಯಿಂದ ತೆಗೆ ಅನ್ನುವಾಗ ಕೈ ಗುಂಡಿಯನ್ನು ಹೊರಗೆಳೆಯುತ್ತದೆ. ‘ತೆಗೆ’ ಬಿಟ್ಟು ‘ತೆರೆ’ ಬರೆಸಿ.

ಜೆಟ್ಟಿಗೆ ‘ಕಟ್ಟು’ ಸಾಕು. ಮೂಗು ಕಟ್ಟುತ್ತದೆ, ಚರಂಡಿ ಕಟ್ಟುತ್ತದೆ, ಜೆಟ್ಟೂ ಕಟ್ಟುತ್ತದೆ. ತಿಂಗಳುಗಟ್ಟಲೆ ಒಳಗೇ ಉಳಿದ ಪೆಟ್ರೋಲು ಆರಿ, ಅಂಟಾಗಿ ಆ ಸಣ್ಣ ತೂತಿನಲ್ಲಿ ಕೂರುತ್ತದೆ. ಹಳೇ ವಯರಿನ ಒಂದೇ ಎಳೆ ತಾಮ್ರದ ತಂತಿ ಸಾಕು ಬಿಡಿಸಲು. ಉಕ್ಕಿನ ಸೂಜಿ ಹಾಕಿದರೆ ತೂತೇ ದೊಡ್ಡದಾಗುತ್ತದೆ. ‘ಓವರ್’ ಖಂಡಿತ ಬೇಡ. ಮುಗಿದಿದೆ ಅಂದುಕೊಂಡು ಇನ್ನಷ್ಟು ಪೆಟ್ರೋಲ್ ಹಾಕಿಯಾರು!
– ಸಾಗರ

ಒಂದು ‘ಜೆಟ್’ ಉಳಿಸಿಕೊಳ್ಳಲು ಇಷ್ಟು ವಾದವೇ? ಸೋಮಾರಿತನ.
– ಶಿವಮೊಗ್ಗ

ಸೋಮಾರಿತನವಲ್ಲ ಸ್ವಾಮಿ. ಸಾಲವೇ ಬೇಡ ಅಂದರೆ ಬೋರ್ಡೋ ಫ್ರಾನ್ಸಿನ ಊರು. ಮೈಲುತುತ್ತದ ತುತ್ತ ಸಂಸ್ಕೃತದ ತುತ್ಥ. ಸುಣ್ಣವೂ ಚೂರ್ಣದಿಂದ ಬಂದದ್ದೇ. ಇಂಜಿನ್ ಬಿಚ್ಚುವ ಮೇಸ್ತ್ರಿ ಪೋರ್ಚುಗೀಸು. ಡ್ರಮ್ಮಿನಲ್ಲಿ ನೀರೊಂದೇ ಉಳಿದೀತು, ಅದರಿಂದ ಕೊಳೆರೋಗ ನಿಲ್ಲುವುದಿಲ್ಲ.
– ಹೊಸನಗರ

‘ನೀರು’ ಉಳಿಯಿತಲ್ಲ, ಅಲ್ಲಿಂದಲೇ ಶುರು ಮಾಡೋಣ. ಗೋಡೆ ಬರಹದ ಚರ್ಚೆ ಬೇರೆ, ಸಾಲಪದದ ಚರ್ಚೆ ಬೇರೆ. ಎರಡನೆಯದಕ್ಕೆ ಬೇರೆ ಎಳೆ ತೆರೆಯುತ್ತೇನೆ.
– ಶಿವಮೊಗ್ಗ

ಎಲ್ಲರಿಗೂ ಉಪಕಾರವಾಯಿತು. ಪೇಂಟರಿಗೆ ಕೊಡುವುದು ಹೀಗಿದೆ, ತಪ್ಪಿದ್ದರೆ ರಾತ್ರಿಯೊಳಗೆ ಹೇಳಿ:

ಇಂಜಿನ್ ತಣ್ಣಗಿದ್ದರೆ ಚೋಕ್ ಬಾಗಿಲು ಹಾಕಿ. ಹತ್ತಿದ ಮೇಲೆ ತೆರೆಯಿರಿ. ಬಿಸಿಯಿದ್ದರೆ ಹಾಕಬೇಡಿ.
ಪ್ಲಗ್ ಬಿಚ್ಚಿ ನೋಡಿ. ಒದ್ದೆಯಿದ್ದರೆ ಪೆಟ್ರೋಲ್ ಹೆಚ್ಚಾಗಿದೆ, ಒರೆಸಿ ಒಣಗಿಸಿ. ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲ, ಫಿಲ್ಟರ್ ಅಥವಾ ಜೆಟ್ ಕಟ್ಟಿರಬಹುದು.
ಸ್ವಲ್ಪ ಹೊತ್ತು ಓಡಿ ನಿಂತರೆ ಟ್ಯಾಂಕಿನ ಮುಚ್ಚಳ ಸಡಿಲಿಸಿ. ಮತ್ತೆ ಓಡಿದರೆ ಮುಚ್ಚಳದ ಗಾಳಿತೂತು ಕಟ್ಟಿದೆ.
– ತೀರ್ಥಹಳ್ಳಿ